ಕಾಲಕ್ಕೊಂದು ಪಾನಕ, ಸರ್ವಕಾಲಕ್ಕೂ ಟೀ

ಕನಕಪುರದಿಂದ ಸಂಗಮದ ಕಡೆ ಹೊರಟ ಬಸ್ಸು ದೊಡ್ಡಆಲಹಳ್ಳಿಯಲ್ಲಿ ನಿಂತಾಗ ಇಳಿದವರ ಕಣ್ಣು ಮೊದಲು ಹುಡುಕುವುದು ಟೀ ಅಂಗಡಿಯನ್ನು. ಮಾಗಿಯ ಚಳಿಯೇ ಇರಲಿ, ಚೈತ್ರದ ಉರಿಬಿಸಿಲೇ ಇರಲಿ, ಲೋಟದಲ್ಲಿ ಬರುವುದು ಹಾಲು, ಸಕ್ಕರೆ ಮುಂದಾದ ಅದೇ ಟೀ. ಅತ್ತ ಬೆಂಗಳೂರಿನ ಮಾಲುಗಳಲ್ಲಿ ಬೇಸಿಗೆ ಬಂತೆಂದರೆ ಮಾವಿನ ಟೀ, ಮಳೆಗಾಲಕ್ಕೆ ಶುಂಠಿ ಟೀ ಎಂದು ಬಣ್ಣದ ಫಲಕಗಳು ಏಳುತ್ತವೆ. ಋತುವಿಗೊಂದು ರುಚಿ ಎಂಬುದು ಈಗಷ್ಟೇ ಕಂಡುಹಿಡಿದ ಸಂಗತಿಯೇನೋ ಎಂಬಂತೆ ಅದರ ಮಾರಾಟ ನಡೆಯುತ್ತದೆ. ನಿಜ ಹೇಳಬೇಕೆಂದರೆ ಈ ಸೀಮೆಗೆ ಹೊಸದು ಋತು ನೋಡಿ ಕುಡಿಯುವುದಲ್ಲ. ಋತು ನೋಡದೆ ಕುಡಿಯುವುದು.

ಋತುವಿಗೂ ಪಾನೀಯಕ್ಕೂ ಇರುವ ನಂಟು ಕನ್ನಡ ನಾಡಿನ ಬರಹಗಳಲ್ಲಿ ಬಹಳ ಹಿಂದೆಯೇ ಕಾಣಿಸಿಕೊಂಡಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಡಿಯುವ ನೀರಿಗೇ ಒಂದು ಪ್ರಕರಣ ಮೀಸಲಾಗಿದೆ. ಯಾವ ಋತುವಿನಲ್ಲಿ ಯಾವ ಮೂಲದ ನೀರು ಹಿತ, ಅದಕ್ಕೆ ಹೂವು, ಕರ್ಪೂರಗಳ ಪರಿಮಳ ಕಟ್ಟುವುದು ಹೇಗೆ ಎಂಬ ವಿವರಗಳು ಅಲ್ಲಿವೆ. ಹಾಲನ್ನು ಹುಳಿಯಿಂದ ಒಡೆಸಿ, ಬಸಿದ ತಿಳಿಗೆ ಸಕ್ಕರೆ, ಏಲಕ್ಕಿ ಬೆರೆಸಿ ಮಾಡುವ ಪಾನಕದ ಪ್ರಸ್ತಾಪವೂ ಇದೆ. ಮುಂದೆ 16ನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಬರೆದಾಗ ಪಾನಕಗಳನ್ನು ಕೈಬಿಡಲಿಲ್ಲ. ಇವೆಲ್ಲ ಅರಮನೆಯ ಭೋಗ ಎನ್ನಬಹುದು. ಆದರೆ ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಸಂಗತಿ ಶಾಸನಗಳಲ್ಲಿಯೂ ಬರುತ್ತದೆ. ಬಾಯಾರಿದವರಿಗೆ ಕುಡಿಯಲು ಕೊಡುವುದು ವ್ಯಾಪಾರವಲ್ಲ, ಪುಣ್ಯದ ಕೆಲಸ ಎಂಬ ಭಾವನೆ ಅರಮನೆಯಾಚೆಗೂ ಇತ್ತು.

ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣಗಳ ಕಲ್ಲುಗುಡ್ಡದ ಸೀಮೆಯಲ್ಲಿ ಈ ಭಾವನೆ ಇಂದಿಗೂ ಎದ್ದು ಕಾಣುವುದು ಶ್ರೀರಾಮನವಮಿಯ ದಿನ. ಬೀದಿಬೀದಿಗೆ ಚಪ್ಪರ ಎದ್ದು ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚಲಾಗುತ್ತದೆ. ಬೆಲ್ಲ, ನಿಂಬೆಹುಳಿ, ಒಣಶುಂಠಿ, ಮೆಣಸು, ಏಲಕ್ಕಿ ಇದ್ದರೆ ಪಾನಕವಾಯಿತು. ಕೆಲವರು ಬೇಲದ ಹಣ್ಣಿನ ತಿರುಳನ್ನೋ ಕರಬೂಜವನ್ನೋ ಕಿವುಚಿ ಹಾಕುತ್ತಾರೆ. ಎರಡೂ ಆಗಷ್ಟೇ ಕೈಗೆ ಸಿಗುವ ಹಣ್ಣುಗಳು. ಹಳೇ ಮೈಸೂರಿನ ಕೆಲವು ಜಾತ್ರೆಗಳಲ್ಲಂತೂ ಪಾನಕದ ಬಂಡಿಗಳನ್ನು ಸಿಂಗರಿಸಿ ಮೆರವಣಿಗೆಯಲ್ಲಿ ತರುವ ರೂಢಿಯೇ ಇದೆ.

ಉಳಿದ ತಿಂಗಳುಗಳಿಗೂ ತಮ್ಮ ತಮ್ಮ ಪಾಲು ಇತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಪಕ್ಕದ ಮಂಡ್ಯದ ಕಡೆ ಆಲೆಮನೆಗಳು ಹೊಗೆಯಾಡುವಾಗ ಕಬ್ಬಿನ ಹಾಲು. ಬಿಸಿಲು ಏರಿದಂತೆ ರಾಗಿ ಅಂಬಲಿಗೆ ಮಜ್ಜಿಗೆ, ಈರುಳ್ಳಿ. ಮಾವಿನಕಾಯಿ ಬಲಿತಾಗ ಅದನ್ನು ಬೇಯಿಸಿ ಕಿವುಚಿದ ಪಾನಕ, ಹಣ್ಣಾದಾಗ ಸೀಕರಣೆ. ರಾಮನಗರ ಸೀಮೆಯ ಮಾವು ಶ್ರೀನಿವಾಸಪುರದ ಮಾವಿಗಿಂತ ಮೊದಲೇ ಮಾರುಕಟ್ಟೆಗೆ ಬರುತ್ತದೆಯಾದ್ದರಿಂದ ಸೀಕರಣೆಯ ಸಂಭ್ರಮವೂ ಇಲ್ಲಿ ಒಂದಿಷ್ಟು ಬೇಗ. ರಸಪುರಿ ಅಥವಾ ಬಾದಾಮಿಯ ರಸಕ್ಕೆ ಹಾಲು, ಬೆಲ್ಲ, ಏಲಕ್ಕಿ ಸೇರಿಸಿದ ಸೀಕರಣೆಯನ್ನು ಹಣ್ಣು ಮತ್ತು ಹಾಲಿನ ಪಾನೀಯಗಳ ಅಜ್ಜಿ ಎಂದರೆ ತಪ್ಪಾಗದು. ಆಷಾಢದ ಗಾಳಿ ಎದ್ದ ಮೇಲೆ ಜೀರಿಗೆ, ಕೊತ್ತಂಬರಿ, ಮೆಣಸು, ಶುಂಠಿಯ ಕಷಾಯ.

ಕಾಡಿನಂಚಿನ ದೊಡ್ಡಆಲಹಳ್ಳಿಯಂಥ ಊರುಗಳಿಗೆ ಇನ್ನೊಂದು ಸೌಲಭ್ಯವಿತ್ತು. ಸೊಗದೆ ಬೇರು, ಮಾಕಳಿ ಬೇರುಗಳು ಕಾಡಿನಿಂದಲೇ ಬರುತ್ತಿದ್ದವು. ಈ ಭಾಗದ ಕಾಡುಗಳನ್ನು ಚೆನ್ನಾಗಿ ಬಲ್ಲ ಇರುಳಿಗರಿಗೆ ಬೇರು, ಜೇನು ಅಗೆದು ಬಿಡಿಸಿ ತರುವುದು ಬದುಕಿನ ದಾರಿಯೂ ಆಗಿತ್ತು. ಸೊಗದೆಯ ಬೇರನ್ನು ಜಜ್ಜಿ ಕುದಿಸಿ ಬೆಲ್ಲ ಹಾಕಿದರೆ ಬೇಸಿಗೆಗೆ ಒಳ್ಳೆಯ ಪಾನಕ. ಮಾಕಳಿ ಬೇರು ಉಪ್ಪಿನಕಾಯಿಗೆ ಹೆಸರಾದರೂ ನನ್ನಾರಿ ಶರಬತ್ತಿನ ಹೆಸರಿನಲ್ಲಿ ಬಾಟಲಿ ಸೇರುವುದು ಬಹುಮಟ್ಟಿಗೆ ಅದೇ. ಬೇರು ಕಿತ್ತರೆ ಬಳ್ಳಿ ಉಳಿಯುವುದಿಲ್ಲ. ಊರಿನ ಬಳಕೆಗೆ ನಾಲ್ಕು ಬೇರು ಅಗೆಯುವುದು ಬೇರೆ, ದೂರದ ಮಾರುಕಟ್ಟೆಗೆ ಮೂಟೆಗಟ್ಟಲೆ ಕೀಳುವುದು ಬೇರೆ. ಮಾಕಳಿ ಇಂದು ಅಳಿವಿನ ಅಂಚಿನ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಈ ವರ್ಷಚಕ್ರದೊಳಗೆ ಟೀ ತಾನಾಗಿ ಬಂದು ಕೂರಲಿಲ್ಲ, ಅದನ್ನು ತಂದು ಕೂರಿಸಲಾಯಿತು. ಭಾರತದಲ್ಲಿ ಬೆಳೆದ ಚಹಾ ಮೊದಲಿಗೆ ಹಡಗು ಹತ್ತಿ ಹೋಗುತ್ತಿತ್ತು. 1903ರಲ್ಲಿ ರಫ್ತಾಗುವ ಚಹಾದ ಮೇಲೆ ಸೆಸ್ ವಿಧಿಸಿ, ಆ ಹಣವನ್ನು ಪ್ರಚಾರಕ್ಕೆ ಬಳಸುವ ಕಾನೂನು ಬಂತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೆಲೆ ಬಿದ್ದಾಗ ಒಳನಾಡಿನ ಜನರೇ ಗಿರಾಕಿಗಳಾಗಬೇಕಾಯಿತು. ರೈಲು ನಿಲ್ದಾಣ, ಸಂತೆ, ಜಾತ್ರೆ, ಗಿರಣಿಗಳಲ್ಲಿ ಟೀ ಕಾಸಿ ತೋರಿಸಿ ಬಿಟ್ಟಿಯಾಗಿ ಕುಡಿಸಲಾಯಿತು. ತಮಾಷೆಯೆಂದರೆ, ಅಂಗಡಿಯವರು ಸೊಪ್ಪು ಕಡಿಮೆ ಹಾಕಿ ಹಾಲು, ಸಕ್ಕರೆ, ಮಸಾಲೆ ಹೆಚ್ಚು ಮಾಡುತ್ತಾರೆಂದು ಪ್ರಚಾರಕರು ಗೊಣಗುತ್ತಿದ್ದರು. ಇಂದು ಜಗತ್ತೇ ಭಾರತದ ಟೀ ಎಂದು ಕೊಂಡಾಡುವುದು ಅವರು ಒಲ್ಲದ ಆ ಮಸಾಲೆ ಟೀಯನ್ನೇ! ಅಸ್ಸಾಮಿನಲ್ಲಿ 1930ರ ದಶಕದ ಆರಂಭದಲ್ಲಿ ಬಂದ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಮುಂದಿನ ದಶಕಗಳಲ್ಲಿ ಎಲ್ಲೆಡೆ ಹರಡಿತು. ಒಂದು ಚಮಚೆಗೆ ನಾಲ್ಕು ಲೋಟ ಕಪ್ಪಗಾಗುವ, ಹಾಲು ಎಷ್ಟು ಸುರಿದರೂ ಸೋಲದ ಅಗ್ಗದ ಪುಡಿ ಅದರಿಂದ ಸಿಕ್ಕಿತು.

ಪುಡಿಯೇನೋ ಬಂತು, ಹಾಲು? ಕಥೆಯ ಮುಖ್ಯ ತಿರುವು ಇರುವುದು ಇಲ್ಲಿ. ಹಿಂದೆ ಹಳ್ಳಿಯ ಮನೆಯಲ್ಲಿ ಹಾಲು ಹೆಪ್ಪಾಗಿ, ಕಡೆದು ಬೆಣ್ಣೆಯಾಗಿ, ತುಪ್ಪ ಸಂತೆಗೆ ಹೋಗಿ, ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು. ಮಜ್ಜಿಗೆಗೆ ಬೆಲೆ ಕಟ್ಟುವುದು ಸಲ್ಲದು. ಕರಾವು ಇಲ್ಲದವರು ಚೊಂಬು ಹಿಡಿದು ಬಂದರೆ ಹೊಯ್ದು ಕಳಿಸಬೇಕು. ಮಜ್ಜಿಗೆಗೆ ಬಂದವರಿಗೆ ಎಮ್ಮೆಯ ಕ್ರಯವೇಕೆ ಎಂಬ ಗಾದೆ ಹುಟ್ಟಿದ್ದು ಇಂಥ ನಡವಳಿಕೆಯಿಂದಲೇ. 1970ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ದಕ್ಷಿಣದ ಜಿಲ್ಲೆಗಳಲ್ಲಿ ಆರಂಭವಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ಊರೂರಿಗೆ ಹಾಲಿನ ಡೈರಿ ಬಂದು, ಬೆಳಿಗ್ಗೆ ಸಂಜೆ ಕ್ಯಾನಿಗೆ ಹಾಲು ಬಿದ್ದು, ರೈತ ಹೆಂಗಸರ ಕೈಯಲ್ಲಿ ತಪ್ಪದೆ ಕಾಸು ಆಡತೊಡಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ರೇಷ್ಮೆಯ ಜೊತೆಗೆ ಈ ಹಾಲೇ ದಡ ಮುಟ್ಟಿಸಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಡೆಯಲು ಮೊಸರೇ ಇಲ್ಲದ ಮನೆಯಲ್ಲಿ ಮಜ್ಜಿಗೆ ಎಲ್ಲಿಂದ ಬರಬೇಕು? ಡೈರಿಗೆ ಹಾಕಿ ಮಿಕ್ಕ ಅರ್ಧ ಪಾವು ಹಾಲು ಮೊಸರಿಗೆ ಸಾಲದು, ಟೀಗೆ ಸಾಕು. ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದ ಮನೆ ಟೀ ಕಾಸತೊಡಗಿತು. ಚೊಂಬು ಹಿಡಿದು ಬರುವವರು ಮಾತ್ರ ಕಾಣೆಯಾದರು.

ಹಾಲಿನ ಟೀಯೊಳಗೆ ಋತು ನುಸುಳಲು ಒಂದು ಅಡ್ಡಿಯೂ ಇದೆ. ಹುಳಿ ಹೆಚ್ಚಾದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಗಟ್ಟಿಗಟ್ಟಿ ಹಾಲು ಒಡೆಯುತ್ತದೆ. ನಿಂಬೆಯ ಟೀಗೆ ಹಾಲು ಹಾಕದಿರುವುದು ಇದಕ್ಕೇ. ಹುಳಿ ಮಾವಿನಲ್ಲಿ ಸೀಕರಣೆ ಕೆಡುವುದು, ಸಿಹಿಯಾದ ರಸಪುರಿಯಲ್ಲಿ ಕೂಡಿಬರುವುದು ಕೂಡ ಇದರಿಂದಲೇ. ಶುಂಠಿಯ ಕಥೆ ಬೇರೆ: ಹಸಿಶುಂಠಿಯಲ್ಲಿರುವ ಕಿಣ್ವವೊಂದು ಹಾಲನ್ನು ಒಡೆಸುತ್ತದೆ, ಆದರೆ ಕುದಿಸಿದರೆ ಅದರ ಆಟ ನಿಲ್ಲುತ್ತದೆ. ಹೀಗಾಗಿ ಅನುಭವಸ್ಥರು ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಹಾಲು ಹೊಯ್ಯುತ್ತಾರೆ. ಮಳೆಗಾಲದ ಕಷಾಯ ಹಾಲಿನ ಟೀಯೊಳಗೆ ಸೇರಿಕೊಂಡು ಉಳಿದದ್ದು, ಬೇಸಿಗೆಯ ಹುಳಿ ಪಾನಕಗಳು ಹೊರಗೇ ನಿಂತದ್ದು ಈ ಕಾರಣಕ್ಕೂ ಇರಬೇಕು.

ಮಾಲುಗಳ ಹಣ್ಣಿನ ಟೀ ಹೆಚ್ಚಾಗಿ ಹಾಲಿಲ್ಲದ್ದು. ಅದರ ಜೋಡಿಯಾದ ‘ಬಬಲ್ ಟೀ’ 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿತು. ಅದರ ತಳದಲ್ಲಿ ಕೂರುವ ಕಪ್ಪು ಗುಂಡುಗಳು ಮರಗೆಣಸಿನ ಹಿಟ್ಟಿನವು, ನಮ್ಮ ಸಬ್ಬಕ್ಕಿಯ ದಾಯಾದಿಗಳು. ಶರಬತ್ತಿನಲ್ಲಿ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ ನುಂಗಿ ಬೆಳೆದವರಿಗೆ ಅದೇನೂ ಅಪರಿಚಿತ ಅನುಭವವಲ್ಲ. ಅಲ್ಲಿನ ಮಾವಿನ ರುಚಿ ಬಹುತೇಕ ಶೀಷೆಯ ಪಾಕದ್ದು, ಆದ್ದರಿಂದ ಅದು ಕಾರ್ತಿಕದಲ್ಲೂ ಸಿಗುತ್ತದೆ.

ಮಜ್ಜಿಗೆ ಹಳ್ಳಿಗೆ ಮರಳಿ ಬಂದಿದೆ. ಬೇಸಿಗೆಯಲ್ಲಿ ಅಂಗಡಿಗಳ ಫ್ರಿಜ್ಜಿನಲ್ಲಿ ನಂದಿನಿ ಮಸಾಲಾ ಮಜ್ಜಿಗೆಯ ಪೊಟ್ಟಣಗಳು ತಣ್ಣಗೆ ಕೂತಿರುತ್ತವೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರೇ ಮಧ್ಯಾಹ್ನ ಕಾಸು ಕೊಟ್ಟು ಅದನ್ನು ಕೊಳ್ಳುತ್ತಾರೆ. ರಾಮನವಮಿಯ ದಿನ ಮಾತ್ರ ಚಪ್ಪರದಲ್ಲಿ ಈಗಲೂ ಕಾಸು ಕೇಳುವುದಿಲ್ಲ.