ವಿಜಯಪುರ ಸೀಮೆಯ ಮಹಿಳಾ ಕ್ರಿಕೆಟ್: ರಾಜೇಶ್ವರಿ ಗಾಯಕವಾಡ ಅವರ ಆರಂಭದ ವರ್ಷಗಳು

1973ರಲ್ಲಿ ಸ್ಥಾಪನೆಗೊಂಡ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯು ಸೀಮಿತ ಹಣದಲ್ಲಿಯೇ ಮೂರು ದಶಕಗಳ ಕಾಲ ಆಟವನ್ನು ಪೋಷಿಸಿ, 2006ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯೊಡನೆ ವಿಲೀನಗೊಂಡ ಬಳಿಕ, ದೂರದ ಜಿಲ್ಲೆಗಳ ಹೆಣ್ಣುಮಕ್ಕಳಿಗೂ ಅವಕಾಶಗಳು ಕ್ರಮೇಣ ತೆರೆದುಕೊಂಡವು. ನಿಡಗುಂದಿ, ಬಸವನ ಬಾಗೇವಾಡಿ, ಸಿಂದಗಿಗಳನ್ನು ಒಳಗೊಂಡ ವಿಜಯಪುರ ಜಿಲ್ಲೆಯಿಂದ ಆ ಅವಕಾಶವನ್ನು ಎತ್ತರಕ್ಕೆ ಒಯ್ದವರು 1991ರ ಜೂನ್ 1ರಂದು ಜನಿಸಿದ ರಾಜೇಶ್ವರಿ ಗಾಯಕವಾಡ.

ಮೊದಲು ಇತರ ಕ್ರೀಡೆಗಳಲ್ಲಿ ತೊಡಗಿದ್ದ ಅವರು ತಡವಾಗಿ ಕ್ರಿಕೆಟ್‌ಗೆ ಬಂದು, ಎಡಗೈ ಸ್ಪಿನ್ ಅನ್ನು, ಅಂದರೆ ಬೆರಳುಗಳಿಂದ ತಿರುವು ಕೊಟ್ಟು ಚೆಂಡನ್ನು ಬಲಗೈ ಆಟಗಾರ್ತಿಯಿಂದ ಹೊರಕ್ಕೆ ಹೊರಳಿಸುವ ನಿಧಾನಗತಿಯ ಬೌಲಿಂಗನ್ನು ಕರಗತ ಮಾಡಿಕೊಂಡು, 2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ಏಕದಿನ ಪಂದ್ಯಕ್ಕೂ, ನವೆಂಬರಿನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಪಂದ್ಯಕ್ಕೂ ಪದಾರ್ಪಣೆ ಮಾಡಿದರು. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅವರು 15 ರನ್ನಿಗೆ 5 ವಿಕೆಟ್ ಪಡೆದಾಗ ನ್ಯೂಜಿಲೆಂಡ್ 79 ರನ್ನಿಗೆ ಕುಸಿದು, ಭಾರತಕ್ಕೆ ಸೆಮಿಫೈನಲ್ ಸ್ಥಾನ ದೊರೆಯಿತು.

ರಾಜೇಶ್ವರಿ ಅವರ ಈ ಪಯಣ ಒಂದು ಮಾತನ್ನು ದೃಢಪಡಿಸುತ್ತದೆ: ಪ್ರತಿಭೆ ಎಲ್ಲೆಡೆಯೂ ಇರುತ್ತದೆ, ಅದು ಬೆಳಕಿಗೆ ಬರಲು ಮೈದಾನ, ತರಬೇತಿ ಮತ್ತು ಸಂಸ್ಥೆಗಳ ಆಸರೆ ಬೇಕು.