ವೃತ್ತದ ಸುತ್ತ

ಎಂ.ಜಿ. ರಸ್ತೆ ಮುಗಿದು ಹಲಸೂರು ಶುರುವಾಗುವ ಕಡೆ ಇರುವುದು ಟ್ರಿನಿಟಿ ವೃತ್ತ. ‘ವೃತ್ತ’ ಫಲಕದ ಮಾತು. ಆಟೋದವರ ಬಾಯಲ್ಲಿ ಅದು ಸರ್ಕಲ್ಲೇ. ಯಾವ ಹೆಸರಿಂದ ಕರೆದರೂ ದುಂಡಗಿರುವುದೇನೂ ಅಲ್ಲಿ ಕಾಣದು. ಬೆಂಗಳೂರಿನಲ್ಲಿ ನಾಲ್ಕು ರಸ್ತೆ ಕೂಡಿದರೆ ಸಾಕು, ವೃತ್ತವಾಯಿತು.

ಪದದ ಬೇರು ಸಂಸ್ಕೃತದ ‘ವೃತ್’ ಧಾತು: ತಿರುಗು, ಇರು, ನಡೆ. ವೃತ್ತಿ, ನಿವೃತ್ತಿ, ವೃತ್ತಾಂತ ಎಲ್ಲವೂ ಅದರ ಸಂತಾನ. ಪಂಪನಂಥ ಹಳಗನ್ನಡ ಕವಿಗೆ ವೃತ್ತವೆಂದರೆ ಚಂಪಕಮಾಲೆ, ಉತ್ಪಲಮಾಲೆಗಳ ಛಂದಸ್ಸು. ಪೊಲೀಸ್ ಕಡತಕ್ಕೆ ಸರ್ಕಲ್ ಇನ್‌ಸ್ಪೆಕ್ಟರ್ ಆಳುವ ಸರಹದ್ದು. ತಿರುಗುವುದೇ ಹುಟ್ಟುಗುಣವಾದ ಈ ಪದದ ಪಕ್ಕದಲ್ಲೇ ‘ಯೂ ಟರ್ನ್ ಇಲ್ಲ’ ಎಂದು ಬರೆಸುವುದು ನಗರಕ್ಕೇ ಒಪ್ಪುವ ತಮಾಷೆ.

ಧಾತುವಿನ ಅರ್ಥಕ್ಕೆ ನಿಷ್ಠವಾಗಿ ಉಳಿದಿರುವುದು ಶಾಲೆಯ ಭೂಗೋಳ ಪುಸ್ತಕ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಸಮಭಾಜಕದಿಂದ ಅಷ್ಟೇ ಡಿಗ್ರಿ ಬಡಗಲಿಗೆ ಹೋದರೆ ಕರ್ಕಾಟಕ ಸಂಕ್ರಾಂತಿ ವೃತ್ತ. ನೆತ್ತಿಯ ಸೂರ್ಯ ಅಲ್ಲಿಂದ ಹಿಂದಿರುಗುತ್ತಾನೆ. ಅದೇ 23.4ನ್ನು ತೊಂಬತ್ತರಲ್ಲಿ ಕಳೆದರೆ 66.6, ಅದು ಧ್ರುವವೃತ್ತ. ಜೂನ್ 21ರ ಸುಮಾರಿಗೆ ಅಲ್ಲಿ ಸೂರ್ಯ ಮುಳುಗದೆ ದಿಗಂತವನ್ನೇ ಬಳಸಿ ಒಂದು ಸುತ್ತು ಬರುತ್ತಾನೆ. ಹದಿಮೂರನೆಯ ಅಕ್ಷಾಂಶದ ಅಂಚಿನಲ್ಲಿರುವ ಹಲಸೂರಿನಲ್ಲಿ ಅಂದಿನ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ.

ಧ್ರುವವೃತ್ತಕ್ಕೂ ಬೆಂಗಳೂರಿಗೂ ಒಂದು ನಂಟೂ ಇದೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯೇ ಎಂಬ ಜಗಳ ತೀರಿಸಲು 1736ರಲ್ಲಿ ಫ್ರಾನ್ಸಿನ ಮೊಪರ್ಟ್ವಿ ಲ್ಯಾಪ್‌ಲ್ಯಾಂಡಿಗೆ ಹೋಗಿ, ಧ್ರುವವೃತ್ತದ ಆಚೀಚೆ ಒಂದು ಡಿಗ್ರಿ ಅಕ್ಷಾಂಶದ ಉದ್ದ ಅಳೆದ. ಅದೇ ಪ್ರಶ್ನೆಯ ಗುಂಗಿನಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಕೆ.ಆರ್. ಪುರದ ಕಡೆಯಿಂದ ಅಗರದವರೆಗೆ ಉಕ್ಕಿನ ಸರಪಳಿ ಹಾಸಿ, ಏಳೂವರೆ ಮೈಲಿಗೆ ತುಸು ಕಡಿಮೆಯ ಆಧಾರರೇಖೆ ಅಳೆದ. ಎರಡು ವರ್ಷದ ಬಳಿಕ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ ಇದು ಪೂರ್ವಾಭ್ಯಾಸ. ಇಂದಿನ ಲೆಕ್ಕದಲ್ಲಿ ಬೆಂಗಳೂರಿನ ಬಳಿ ಒಂದು ಡಿಗ್ರಿ ಸುಮಾರು 110.6 ಕಿ.ಮೀ., ಧ್ರುವವೃತ್ತದ ಬಳಿ 111.5. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಆ ಒಂದು ಕಿಲೋಮೀಟರಿನ ಬೆಲೆ ಗೊತ್ತು.

ಟ್ರಿನಿಟಿ ವೃತ್ತ ಇದ್ದಲ್ಲೇ ಇದೆ; ಧ್ರುವವೃತ್ತ ಹಾಗಲ್ಲ. ಅಕ್ಷದ ವಾಲು ನಿಧಾನವಾಗಿ ಕಡಿಮೆಯಾಗುತ್ತಿರುವುದರಿಂದ ಆ ಗೆರೆ ವರ್ಷಕ್ಕೆ ಸುಮಾರು ಹದಿನಾಲ್ಕು ಮೀಟರ್ ಉತ್ತರಕ್ಕೆ ಸರಿಯುತ್ತದೆ. ಐಸ್‌ಲ್ಯಾಂಡಿನ ಗ್ರಿಮ್ಸೆ ದ್ವೀಪದವರು 2017ರಲ್ಲಿ ಸುಮಾರು ಎಂಟು ಟನ್ ತೂಕದ ಕಾಂಕ್ರೀಟ್ ಗೋಲವೊಂದನ್ನು ಗುರುತಿಗಿಟ್ಟರು. ಗೆರೆ ಸರಿದಂತೆ ಗೋಲವನ್ನೂ ಉರುಳಿಸಬೇಕು.

ಇಷ್ಟಾಗಿ ದಕ್ಷಿಣ ಗೋಲಾರ್ಧದ ಧ್ರುವವೃತ್ತವನ್ನು ರಾಜತಾಂತ್ರಿಕರು ಒಪ್ಪಲೇ ಇಲ್ಲ. 1959ರ ಅಂಟಾರ್ಕ್ಟಿಕ್ ಒಪ್ಪಂದ ತನ್ನ ಎಲ್ಲೆಯನ್ನು 60ನೆಯ ಅಕ್ಷಾಂಶಕ್ಕೇ ಎಳೆಯಿತು. ಭಾರತದ ಮೈತ್ರಿ, ಭಾರತಿ ಕೇಂದ್ರಗಳು ಎರಡೂ ಗೆರೆಗಳ ಒಳಗಿವೆ. ಸೌತ್ ಆರ್ಕ್ನಿ ದ್ವೀಪಗಳು ಮಾತ್ರ ಒಪ್ಪಂದದ ಒಳಗೆ, ವೃತ್ತದ ಹೊರಗೆ. ಅಲ್ಲಿ ಚಳಿಗಾಲದ ನಡುವೆಯೂ ಸೂರ್ಯ ದಿನಾ ಹುಟ್ಟುತ್ತಾನೆ.