ಮೊಟ್ಟೆಯ ಬಿಳಿಯಲ್ಲಿ ಕುಳಿತ ಲೋಹ

ಸಬ್ಬಸಿಗೆ ಬೀಜದ ಘಮ ಬೇರೆ, ಪುದೀನದ ಘಮ ಬೇರೆ. ಕಣ್ಣು ಮುಚ್ಚಿದರೂ ನಮಗೆ ಗೊತ್ತಾಗುತ್ತದೆ. ಆದರೆ ಎರಡಕ್ಕೂ ಪರಿಮಳ ಕೊಡುವುದು ಕಾರ್ವೋನ್ ಎಂಬ ಒಂದೇ ವಸ್ತು. ಒಂದರ ಅಣು ಇನ್ನೊಂದರ ಕನ್ನಡಿಯ ಬಿಂಬ. ಎಡಗೈ ಬಲಗೈ ಇದ್ದ ಹಾಗೆ. ಔಷಧಗಳಲ್ಲಿ ಈ ಎಡ–ಬಲದ ವ್ಯತ್ಯಾಸ ಇನ್ನೂ ದೊಡ್ಡದು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಡೋಪಾದಲ್ಲಿ ಎಡದ್ದು ಮಾತ್ರ ಕೆಲಸಕ್ಕೆ ಬರುತ್ತದೆ. ಅಮೆರಿಕದ ವಿಲಿಯಂ ನೋಲ್ಸ್ 1970ರ ದಶಕದಲ್ಲಿ ರೋಡಿಯಂ ಎಂಬ ಲೋಹದ ನೆರವಿನಿಂದ ಅದನ್ನು ತಯಾರಿಸುವ ದಾರಿ ತೋರಿಸಿದರು. 2001ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದರು.

ನಮ್ಮ ಮೈಯೊಳಗಿನ ಕಿಣ್ವಗಳು ಇಂಥ ಕೆಲಸವನ್ನು ಸಲೀಸಾಗಿ ಮಾಡುತ್ತವೆ. ಕಿಣ್ವವೆಂದರೆ ಪ್ರೋಟೀನು, ಹಲವು ಕಿಣ್ವಗಳ ಮಡಿಲಲ್ಲಿ ಕಬ್ಬಿಣವೋ ಸತುವೋ ತಾಮ್ರವೋ ಕುಳಿತಿರುತ್ತದೆ. ಪ್ರಕೃತಿ ಕೂರಿಸದ ರೋಡಿಯಮ್ಮನ್ನು ನಾವೇ ಅಲ್ಲಿ ಕೂರಿಸಿದರೆ?

1978ರಲ್ಲಿ ವಿಲ್ಸನ್ ಮತ್ತು ವೈಟ್‌ಸೈಡ್ಸ್ ಇದನ್ನು ಮಾಡಿ ನೋಡಿದರು. ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಎಂಬ ಪ್ರೋಟೀನು ಇದೆ. ಬಯೋಟಿನ್ ಎಂಬ ವಿಟಮಿನ್ ಸಿಕ್ಕರೆ ಅದು ಹಿಡಿದ ಹಿಡಿ ಬಿಡುವುದಿಲ್ಲ. ಅವರು ಆ ವಿಟಮಿನ್ನಿನ ಬಾಲಕ್ಕೆ ರೋಡಿಯಂ ಕಟ್ಟಿ ಕಳಿಸಿದರು. ಲೋಹ ಒಳಗೆ ಹೋಗಿ ಕುಳಿತಿತು, ಕೆಲಸವನ್ನೂ ಮಾಡಿತು. ಆದರೆ ಫಲ ಅಷ್ಟಕ್ಕಷ್ಟೆ: ಒಂದು ಕೈಯ ಅಣುಗಳು ನೂರಕ್ಕೆ ಸುಮಾರು 70, ಇನ್ನೊಂದು ಕೈಯವು 30. ಸುಧಾರಿಸಬೇಕೆಂದರೆ ಲೋಹ ಕೂರುವ ಪೀಠವನ್ನೇ ಕೆತ್ತಬೇಕು. ಕೋಳಿ ಕೊಟ್ಟ ಪ್ರೋಟೀನನ್ನು ಕೆತ್ತುವುದು ಹೇಗೆ?

ವಿಚಿತ್ರವೆಂದರೆ, ಅದೇ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದರು. ಕೆತ್ತುವ ಉಳಿ ಬಂದದ್ದು ಆ ದಾರಿಯಿಂದಲೇ. ಜೀನಿನಲ್ಲಿ ಒಂದು ಕಡೆ ತಿದ್ದಿದರೆ ಬ್ಯಾಕ್ಟೀರಿಯಾ ತಿದ್ದಿದ ಪ್ರೋಟೀನನ್ನೇ ಮಾಡಿಕೊಡುತ್ತದೆ. ಅವಿಡಿನ್ನಿನಂತೆಯೇ ಬಯೋಟಿನ್ನನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಇದೆ. 2003ರಲ್ಲಿ ಸ್ವಿಟ್ಜರ್ಲೆಂಡಿನ ಥಾಮಸ್ ವಾರ್ಡ್ ಅವರ ತಂಡ ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ, ನೂರಕ್ಕೆ 95ಕ್ಕೂ ಹೆಚ್ಚು ಒಂದೇ ಕೈಯ ಅಣುಗಳನ್ನು ಪಡೆಯಿತು.

ಆಗಿನ್ನೂ ಪ್ರೋಟೀನನ್ನು ಹೊರತೆಗೆದ ಮೇಲೆ ಲೋಹ ಸೇರಿಸುತ್ತಿದ್ದರು. ಬದುಕಿರುವ ಬ್ಯಾಕ್ಟೀರಿಯಾದ ಒಳಗೇ ಕೂರಿಸೋಣವೆಂದರೆ, ಅಲ್ಲಿ ಧಾರಾಳವಾಗಿರುವ ಗ್ಲುಟಾಥಯೋನ್ ಲೋಹವನ್ನು ಕಟ್ಟಿಹಾಕಿ ಕೆಡಿಸುತ್ತದೆ. 2016ರಲ್ಲಿ ವಾರ್ಡ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಮಾಡಿದರು. ಇ. ಕೋಲಿಗೆ ಎರಡು ಪೊರೆಗಳಿವೆ. ನಡುವಿನ ಜಾಗ ಮನೆಯ ಜಗುಲಿಯಂತೆ. ಅಲ್ಲಿ ಗ್ಲುಟಾಥಯೋನ್ ಕಡಿಮೆ. ಪ್ರೋಟೀನನ್ನು ಆ ಜಗುಲಿಗೆ ಕಳಿಸಿ, ರುಥೇನಿಯಂ ಎಂಬ ಇನ್ನೊಂದು ಲೋಹವನ್ನು ಕೂರಿಸಿ, ಇಂಗಾಲದ ಜೋಡಿಗಳನ್ನು ಬಿಡಿಸಿ ಹೊಸ ಜೋಡಿ ಕಟ್ಟುವ ಕೆಲಸ ಮಾಡಿಸಿದರು. ಬಗೆಬಗೆಯಾಗಿ ತಿದ್ದಿದ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾದೊಳಗೇ ಪರೀಕ್ಷಿಸಿ ಒಳ್ಳೆಯದನ್ನು ಆರಿಸಲು ಇದರಿಂದ ಸಾಧ್ಯವಾಯಿತು.

ತರಗತಿಯಲ್ಲಿ ಅರ್ಧ ಸರಿಯಾದ ಉತ್ತರಕ್ಕೂ ನಾನು ಅಂಕ ಕೊಡುತ್ತೇನೆ; ಹಾದಿ ಸರಿಯಿದೆಯಲ್ಲ ಎಂದು. 1978ರ ಆ 70–30ರ ಪ್ರಯೋಗ ನನಗೆ ಅಂಥದೇ ಉತ್ತರವಾಗಿ ಕಾಣುತ್ತದೆ. ಎರಡು ದಶಕ ಅದನ್ನು ಹೆಚ್ಚು ಜನ ಮುಂದುವರಿಸಲಿಲ್ಲ. ಪೂರಾ ಗೆಲ್ಲಲಿಲ್ಲವೆಂದು ಅವರು ಅದನ್ನು ಅಚ್ಚಿಗೆ ಕೊಡದೆ ಮುಚ್ಚಿಟ್ಟಿದ್ದರೆ, ಆಮೇಲೆ ಬಂದವರು ಯಾವ ದಾರದ ತುದಿ ಹಿಡಿಯಬೇಕಿತ್ತು?